ಒಂದು ಒತ್ತಕ್ಷರದ ಹಕ್ಕುಪತ್ರ

ನನ್ನ ತಂಗಿಯ ಮಗ ಸುಬ್ಬುವಿಗೆ ಅಪ್‌ಲೋಡ್ ಹಕ್ಕು ಬೇಕಂತೆ. ಊಟಕ್ಕೆ ಕೂತಾಗ ಅವನು ಇದನ್ನು ಹೇಳಿದ. ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು.

“ಅದಕ್ಕೆ ಹಕ್ಕು ಎಂತಕ್ಕೆ ಮಾರಾಯ? ಬದಿಯಡ್ಕ ಪೇಟೆಯ ಅಕ್ಷಯ ಕೇಂದ್ರಕ್ಕೆ ಹೋದರೆ ಅವರೇ ಅಪ್‌ಲೋಡ್ ಮಾಡಿ ಕೊಡುವುದಿಲ್ಲವಾ?”

“ಅದು ಅಲ್ಲ ಅತ್ತೆ. ಇದು ಲಿನಕ್ಸ್‌ಗೆ.”

ಲಿನಕ್ಸ್ ಅಂದರೆ ನನಗೆ ಹೊಸತಲ್ಲ. ವಿಂಡೋಸ್ ಇದ್ದ ಹಾಗೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಅದು. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಅದರಲ್ಲಿ. ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳೂ ಅದನ್ನೇ ಒತ್ತುತ್ತಾರೆ. ನಾನೂ ನಿವೃತ್ತಿಯವರೆಗೆ ಒತ್ತಿದವನು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಮಕ್ಕಳಿಗೆ ಹೇಳಿಕೊಟ್ಟವನು. ತಿದ್ದಿದ್ದನ್ನು ಒಳಗೆ ಹಾಕುವ ಹಕ್ಕು ಬೇರೆ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಂಗತಿ ಇಷ್ಟೇ. ಲಿನಕ್ಸನ್ನು ಬೇರೆ ಬೇರೆ ಗುಂಪಿನವರು ಬೇರೆ ಬೇರೆಯಾಗಿ ಕಟ್ಟಿಕೊಡುತ್ತಾರೆ, ಅವಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಸುಬ್ಬು ಬಳಸುವ ಡಿಸ್ಟ್ರೋದಲ್ಲಿ ಒಂದು ಕನ್ನಡ ಫಾಂಟ್ ಇದೆ. ಯಾವ ಡಿಸ್ಟ್ರೋ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಹುಡುಗನ ಅರ್ಜಿ ಇನ್ನೂ ಹಿಂದಕ್ಕೆ ಹೋದೀತು. ಆ ಫಾಂಟಿನಲ್ಲಿ ‘ರ‍್ಯಾಲಿ’ ಎಂದು ಬರೆದರೆ ‘ರ’ದ ಕೆಳಗೆ ಯ-ಒತ್ತು ಬರುವುದಿಲ್ಲ. ‘ಯಾ’ದ ಪಕ್ಕದಲ್ಲಿ ಅರ್ಕ ಒತ್ತು ಬಂದು ನೇತಾಡುತ್ತದೆ. ಫಾಂಟ್ ಮಾಡಿದವರು ಇದನ್ನು ಯಾವತ್ತೋ ಸರಿಮಾಡಿದ್ದಾರೆ. ಡಿಸ್ಟ್ರೋದಲ್ಲಿ ಇರುವುದು ಮಾತ್ರ ಹಳತು. ಹೊಸತನ್ನು ಕಟ್ಟಿ ಒಳಗೆ ಹಾಕಬೇಕು. ಹೆಚ್ಚೆಂದರೆ ಒಂದು ಸಂಜೆಯ ಕೆಲಸ.

ಆ ಸಂಜೆ ಶುರುವಾಗಿ ಎರಡು ಮಳೆಗಾಲ ಕಳೆಯಿತು.

ಮೊದಲಿಗೆ ಪ್ಯಾಕೇಜ್, ಅಂದರೆ ಡಿಸ್ಟ್ರೋದೊಳಗೆ ಹಾಕುವ ಸಾಫ್ಟ್‌ವೇರಿನ ಗಂಟು ಕಟ್ಟಬೇಕು. ಡೆಬಿಯನ್ ಎಂಬ ಡಿಸ್ಟ್ರೋದಲ್ಲೂ ಅದರ ಮನೆತನದವುಗಳಲ್ಲೂ ಚೇಂಜ್‌ಲಾಗ್ ಎಂಬ ಒಂದು ಫೈಲ್ ಬರೆಯಬೇಕು. ಏನು ಬದಲಾಯಿತು ಎಂದು ಹೇಳುವ ಸಾಲಿನ ಮೊದಲು ಎರಡು ಸ್ಪೇಸ್, ಆಮೇಲೆ ನಕ್ಷತ್ರ. ಕೊನೆಯ ಸಾಲಿಗೆ ಒಂದು ಸ್ಪೇಸ್, ಎರಡು ಅಡ್ಡಗೆರೆ, ಮತ್ತೆ ಒಂದು ಸ್ಪೇಸ್, ಹೆಸರು, ಈಮೇಲ್. ಈಮೇಲ್‌ಗೂ ತಾರೀಕಿಗೂ ನಡುವೆ ಎರಡು ಸ್ಪೇಸ್. ಇಷ್ಟು ಮಡಿ ನಮ್ಮ ಅಜ್ಜಿ ಏಕಾದಶಿಗೂ ಮಾಡಿದವಳಲ್ಲ. ಆಮೇಲೆ ಲಿಂಟಿಯನ್ ಎಂಬ ಪ್ರೋಗ್ರಾಮ್ ಬಂದು ತಪ್ಪು ಹುಡುಕುತ್ತದೆ. ತಪ್ಪು, ಎಚ್ಚರಿಕೆ, ಮಾಹಿತಿ ಎಂದೆಲ್ಲ ದರ್ಜೆಗಳಿವೆ. ಕೇಳಿಕೊಂಡರೆ ‘ಪೆಡಾಂಟಿಕ್’ ಎಂಬ ದರ್ಜೆಯನ್ನೂ ತೋರಿಸುತ್ತದೆ. ಅಂದರೆ ಮದುವೆಮನೆಯಲ್ಲಿ ಹೋಳಿಗೆಗೆ ತುಪ್ಪ ಯಾವ ಬದಿಯಿಂದ ಬಡಿಸಿದರು ಎಂದು ನೋಡುವ ನೆಂಟರ ದರ್ಜೆ. ತಾನು ಹೀಗೆ ಎಂದು ತಾನೇ ಬೋರ್ಡ್ ಹಾಕಿಕೊಂಡ ನೆಂಟನನ್ನು ನಾನು ನೋಡಿದ್ದು ಇದೇ ಮೊದಲು.

ಇದೆಲ್ಲ ಆದರೂ ಸುಬ್ಬು ತಾನೇ ಅಪ್‌ಲೋಡ್ ಮಾಡುವ ಹಾಗಿಲ್ಲ. ಹಕ್ಕಿರುವ ಒಬ್ಬರನ್ನು ಹಿಡಿಯಬೇಕು. ಅವರಿಗೆ ಸ್ಪಾನ್ಸರ್ ಎನ್ನುತ್ತಾರೆ. ಹಣ ಕೊಡುವ ಸ್ಪಾನ್ಸರ್ ಅಲ್ಲ. ಇವನ ಕೆಲಸ ನೋಡಿ, ತಮ್ಮ ಡಿಜಿಟಲ್ ಸಹಿ ಹಾಕಿ ಒಳಗೆ ತಳ್ಳುವವರು. ಸುಬ್ಬುವಿಗೆ ಸಿಕ್ಕಿದ ಸ್ಪಾನ್ಸರ್ ಯುರೋಪಿನ ಎಲ್ಲೋ ಇದ್ದರು, ಪಾಪ, ಒಳ್ಳೆಯವರು. ನಾಲ್ಕೈದು ಸಲ ತಳ್ಳಿಕೊಟ್ಟರು. ಆಮೇಲೆ “ನೀನೇ ಹಕ್ಕಿಗೆ ಅರ್ಜಿ ಹಾಕಬಾರದೇ?” ಎಂದು ಬರೆದರು. ಈ ಲೋಕದಲ್ಲಿ ಅದು ದೊಡ್ಡ ಹೊಗಳಿಕೆಯಂತೆ. ನಿನ್ನಿಂದ ನನಗೆ ಸಾಕಾಯಿತು ಎನ್ನುವುದನ್ನು ಇಷ್ಟು ಮರ್ಯಾದೆಯಲ್ಲಿ ಹೇಳುವುದು ನಮ್ಮವರಿಗೆ ಬರುವುದಿಲ್ಲ.

ಅರ್ಜಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನಾನು ನೆಟ್ಟಗೆ ಕೂತೆ. ಇಲ್ಲಿಯವರೆಗೆ ಅದು ಕಂಪ್ಯೂಟರ್ ವಿಷಯವಾಗಿತ್ತು. ಇನ್ನು ನಮ್ಮ ವಿಷಯ. 1956ರ ನವೆಂಬರ್ 1ರಿಂದ ಕಾಸರಗೋಡಿನ ಕನ್ನಡಿಗ ಬರೆದಷ್ಟು ಅರ್ಜಿ ಮತ್ತೆ ಯಾರು ಬರೆದಿದ್ದಾರೆ?

ಹಕ್ಕಿನಲ್ಲೂ ಮೆಟ್ಟಿಲುಗಳಿವೆ. ಡೆಬಿಯನ್‌ನಲ್ಲಿ ಕೆಳಗಿನ ಮೆಟ್ಟಿಲು ಡೆಬಿಯನ್ ಮೇಂಟೇನರ್. ಅದು 2007ರಲ್ಲಿ ಮತ ಹಾಕಿ ಮಾಡಿಕೊಂಡದ್ದು. ಗೊತ್ತುಮಾಡಿ ಕೊಟ್ಟ ಪ್ಯಾಕೇಜ್‌ಗಳನ್ನಷ್ಟೇ ಮುಟ್ಟಬಹುದು. ಮೇಲಿನ ಮೆಟ್ಟಿಲು ಡೆಬಿಯನ್ ಡೆವಲಪರ್. ಅಲ್ಲಿಗೆ ಹತ್ತಿದವರು ಯಾವ ಪ್ಯಾಕೇಜ್‌ಗೆ ಬೇಕಾದರೂ ಕೈ ಹಾಕಬಹುದು. ನಿನ್ನೆಯವರೆಗೆ ಒಂದು ಒತ್ತಕ್ಷರ ಮುಟ್ಟಬಾರದವನು ಇವತ್ತು ಲಿನಕ್ಸಿನ ತಿರುಳಾದ ಕರ್ನಲ್ಲನ್ನೇ ಮುಟ್ಟಬಹುದು. ಡೆಬಿಯನ್ ಮನೆತನದ್ದೇ ಆದ ಉಬುಂಟುವಿನಲ್ಲಿ ‘ಯೂನಿವರ್ಸ್’ ಎಂಬ ವಿಭಾಗದ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರಿಗೆ ಮಾಸ್ಟರ್ಸ್ ಆಫ್ ದಿ ಯೂನಿವರ್ಸ್ ಎಂದು ಹೆಸರು. ವಿಶ್ವದ ಒಡೆಯರು! ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ಮೋಟು. ಕನ್ನಡ ಬಲ್ಲವರು ಯಾರಾದರೂ ಆ ಸಭೆಯಲ್ಲಿದ್ದಿದ್ದರೆ ಒಂದು ಮಾತು ಹೇಳುತ್ತಿದ್ದರು.

ಇನ್ನು ಗುರುತು. ಡೆಬಿಯನ್‌ನಲ್ಲಿ ಆ ಡಿಜಿಟಲ್ ಸಹಿ ಹಾಕುವುದಕ್ಕೆ ನಿಮಗೊಂದು ಡಿಜಿಟಲ್ ಕೀಲಿ ಬೇಕು. ಈಗಾಗಲೇ ಒಳಗಿರುವವರು ಅದಕ್ಕೆ ಸಹಿ ಹಾಕಿರಬೇಕು. ಸಹಿ ಹಾಕುವ ಮೊದಲು ಅವರು ನಿಮ್ಮನ್ನು ಎದುರೇ ನೋಡುವುದು, ಸರಕಾರಿ ಗುರುತಿನ ಚೀಟಿ ನೋಡುವುದು, ಕೀಲಿಯ ಬೆರಳಚ್ಚಿನಂಥ 40 ಅಂಕಿ-ಅಕ್ಷರಗಳನ್ನು ತಾಳೆ ಹಾಕುವುದು ರೂಢಿ. ಸುಬ್ಬುವಿನ ಡಿಸ್ಟ್ರೋದವರಿಗೂ ಇಂಥದೇ ಒಂದು ಪದ್ಧತಿ. ಬದಿಯಡ್ಕದಲ್ಲಿ ಕೂತವನಿಗೆ ಅಂಥವರು ಎಲ್ಲಿ ಸಿಗುತ್ತಾರೆ? ಹಾಗೆ ನೋಡಿದರೆ 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನವರ ಜಾಗತಿಕ ಸಮ್ಮೇಳನ ನಮ್ಮದೇ ರಾಜ್ಯದ ಕೊಚ್ಚಿಯಲ್ಲಿ ನಡೆಯಿತು. ಪ್ರಪಂಚದ ಸಹಿಗಳೆಲ್ಲ ಒಂದೇ ಕಡೆ. ಬೆಳಗ್ಗೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನಕ್ಕೆ ಎರ್ನಾಕುಳಂ. ಆದರೆ ಅದೇ ವಾರ ನಮ್ಮ ತೋಟಕ್ಕೆ ಮದ್ದು ಬಿಡುವವನು ಸಿಕ್ಕಿದ. ಅಡಿಕೆಗೆ ಕೊಳೆರೋಗ ಹಿಡಿದ ಮಳೆಗಾಲದಲ್ಲಿ ಮರ ಹತ್ತುವವನು ಸಿಕ್ಕಿದರೆ ಮಗಳ ಮದುವೆಯನ್ನೂ ಮುಂದೂಡುತ್ತಾರೆ. ಸುಬ್ಬು ಕೆಳಗೆ ನಿಂತು ಪೈಪ್ ಹಿಡಿದ. ಕೊಚ್ಚಿ ಮುಗಿಯಿತು.

ಕೊನೆಗೆ ಮಂಗಳೂರಿಗೆ ಬಂದಿದ್ದ ಒಬ್ಬರು ಸಿಕ್ಕರು. ಸುಬ್ಬು ತನ್ನ ಚೀಟಿಗಳನ್ನೆಲ್ಲ ಕಟ್ಟಿಕೊಂಡು ತಲಪಾಡಿ ದಾಟಿದ. ಕೀಲಿಯಲ್ಲಿ ಇದ್ದದ್ದು ಸುಬ್ರಹ್ಮಣ್ಯ. ಒಂದು ಚೀಟಿಯಲ್ಲಿ ಸುಬ್ರಮಣ್ಯ, ‘ಹ’ ಮಾಯ. ಇನ್ನೊಂದರಲ್ಲಿ ಸುಬ್ರಮಣ್ಯನ್. ಕನ್ನಡದ ಹೆಸರನ್ನು ಒಂದು ಕಚೇರಿಯಲ್ಲಿ ಮಲಯಾಳದಲ್ಲಿ ಬರೆದುಕೊಂಡು, ಅಲ್ಲಿಂದ ಇಂಗ್ಲಿಷಿಗೆ ಇಳಿಸಿದಾಗ ದಾರಿಯಲ್ಲಿ ಒಂದು ‘ನ್’ ಹತ್ತಿಕೊಂಡಿತ್ತು. ಊರಿನ ಹೆಸರು ಒಂದರಲ್ಲಿ ಕಾಸರಗೋಡ್, ಮತ್ತೊಂದರಲ್ಲಿ ಕಾಸರ್‌ಗೋಡ್. ಬಂದವರು ಎರಡನ್ನೂ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರಂತೆ. ಆಮೇಲೆ ಮೆತ್ತಗೆ ಕೇಳಿದರಂತೆ, “ಇವರಲ್ಲಿ ನೀವು ಯಾರು?”

ನಾವು ಮೂರು ತಲೆಮಾರಿನಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ. ಹುಡುಗ ಎಂತ ಹೇಳಬೇಕು?

ನಾನು ಸ್ವಲ್ಪ ಜಾಸ್ತಿಯೇ ಹಾರಾಡಿದೆ. ಸ್ವತಂತ್ರ ತಂತ್ರಾಂಶವಂತೆ, ಬಾಗಿಲಿಗೆ ಏಳು ಬೀಗವಂತೆ ಎಂದೆ. ಸುಬ್ಬು ಮಾತ್ರ ಸಿಟ್ಟಾಗಲಿಲ್ಲ.

“ಬಾಗಿಲು ಬೇಕು ಮಾವ. ಎಕ್ಸ್‌ಝಡ್ ಕತೆ ಗೊತ್ತುಂಟಾ?”

ಗೊತ್ತಿರಲಿಲ್ಲ, ಹೇಳಿದ. ಎಕ್ಸ್‌ಝಡ್ ಎಂದರೆ ಫೈಲ್ ಕುಗ್ಗಿಸುವ ಸಣ್ಣ ಸಾಫ್ಟ್‌ವೇರ್, ನೋಡಿಕೊಳ್ಳುವವರು ಒಬ್ಬರೇ, ಅವರಿಗೂ ಸಾಕಾಗಿತ್ತು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಅಚ್ಚುಕಟ್ಟಾಗಿ ಸಹಾಯ ಮಾಡಿದರು. ನಂಬಿಕೆ ಬಂತು. ಬಿಡುಗಡೆ ಮಾಡುವ ಹಕ್ಕೂ ಕೈಗೆ ಬಂತು. 2024ರಲ್ಲಿ ಅದರೊಳಗೆ ಕಳ್ಳಗಿಂಡಿ ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನಿಸಿ, ಕೆದಕಿ ನೋಡಿದ್ದಕ್ಕೆ ಸಿಕ್ಕಿಬಿತ್ತು. ಜಿಯಾ ಟಾನ್ ಯಾರೆಂದು ಈಗಲೂ ಗೊತ್ತಿಲ್ಲ.

ಅರ್ಧ ಸೆಕೆಂಡ್ ತಡವಾದದ್ದಕ್ಕೆ ಒಬ್ಬ ಮನುಷ್ಯ ಎದ್ದು ಕೂತ! ನಾನು ಅದರಲ್ಲೇ ಸಿಕ್ಕಿಕೊಂಡೆ. ನಮ್ಮ ಕಡೆ ತಡವನ್ನು ಅಳೆಯುವುದು ಆಯೋಗಗಳಲ್ಲಿ.

ಆದರೂ ನಾನು ಮಾಸ್ತರನಲ್ಲವಾ, ಸುಮ್ನೆ ಬಿಡುವುದಿಲ್ಲ. “ಒಳಗಿದ್ದವರು ತಪ್ಪೇ ಮಾಡಿಲ್ಲವಾ?” ಎಂದೆ. ಮಾಡಿದ್ದಾರಂತೆ. 2006ರಲ್ಲಿ ಹಕ್ಕಿದ್ದ ಡೆಬಿಯನ್ ಡೆವಲಪರ್ ಒಬ್ಬರು ಇಂಥ ಕೀಲಿಗಳನ್ನು ಮಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರಿನಲ್ಲಿ ಎಚ್ಚರಿಕೆ ಬರುತ್ತಿದೆ ಎಂದು ಒಂದೆರಡು ಸಾಲು ತೆಗೆದರು. ಒಳ್ಳೆ ಮನಸ್ಸಿನಿಂದಲೇ. ಯಾರೂ ಊಹಿಸಬಾರದ ಕೀಲಿಗಳು ಒಂದೊಂದು ಅಳತೆಗೆ ಸುಮಾರು 32 ಸಾವಿರ ಬಗೆಗಳಿಗೆ ಇಳಿದವು. ಗೊತ್ತಾದದ್ದು 2008ರಲ್ಲಿ. ಹಾಗಾದರೆ ಚೀಟಿ ಸರಿ ಇದ್ದವರ ಸಾಲನ್ನೂ ಯಾರಾದರೂ ಓದಬೇಕು. ಓದುವವರು ಎಷ್ಟು ಮಂದಿ? ಬಾಗಿಲಲ್ಲಿ ಕೂತವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಕೂರುವವರು. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಸಂಬಳ ತಗೊಂಡೂ ಕೂರದವರನ್ನು ಬೈದು ಅಭ್ಯಾಸ.

ಹೊಸ ಪ್ಯಾಕೇಜ್‌ಗಳು ಡೆಬಿಯನ್‌ಗೆ ಬರುವಾಗ ‘ನ್ಯೂ’ ಎಂಬ ಸಾಲಿನಲ್ಲಿ ಕಾಯುತ್ತವೆಯಂತೆ. ಹೆಸರು ನ್ಯೂ, ಒಳಗಿದ್ದದ್ದು ಹಳತಾಗುತ್ತಿರುತ್ತದೆ. ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಲಿ ಎಂದು 1967ರಲ್ಲಿ ಅಪ್‌ಲೋಡ್ ಮಾಡಿದ್ದೂ ಇಂಥದೇ ಯಾವುದೋ ನ್ಯೂನಲ್ಲಿ ಇರಬೇಕು. ಕೇರಳ ಒಪ್ಪಲಿಲ್ಲ, ದಿಲ್ಲಿ ಮಾತ್ರ ಇನ್ನೂ ರಿಜೆಕ್ಟ್ ಅಂದಿಲ್ಲ ನೋಡಿ.

ಹೇಗೋ ಸುಬ್ಬುವಿನ ಅರ್ಜಿ ಅವನ ಡಿಸ್ಟ್ರೋದಲ್ಲಿ ಹಕ್ಕು ಕೊಡುವ ಮಂಡಳಿಯ ಮುಂದೆ ಬಂತು. ಸಭೆ ಚಾಟ್‌ನಲ್ಲಿ, ನಮ್ಮ ಗಂಟೆಯಲ್ಲಿ ರಾತ್ರಿ. ಹುಡುಗ ಸ್ನಾನ ಮಾಡಿ, ಒಗೆದ ಶರ್ಟ್ ಹಾಕಿ ಕೂತ. ಚಾಟ್‌ನಲ್ಲಿ ಯಾರಿಗೂ ಕಾಣದ ಶರ್ಟ್. ಇನ್ವರ್ಟರ್ ಚಾರ್ಜ್ ಇತ್ತು. ಹೆಂಡತಿ ಮಧೂರು ಗಣಪತಿಗೆ ಅಪ್ಪ ಹೇಳಿಕೊಂಡಳು. ಹತ್ತು ನಿಮಿಷ ಆದ ಮೇಲೆ ಅವನು ಹೊರಗೆ ಬಂದ.

“ಎಂತಾಯಿತು?”

“ಕೋರಂ ಇಲ್ಲ ಮಾವ. ಮುಂದಿನ ಸಭೆಗೆ ಹೋಯಿತು.”

ನನಗೆ ಒಂಥರಾ ಸಮಾಧಾನವಾಯಿತು. ನಮ್ಮ ಪಂಚಾಯತು ಅಷ್ಟೊಂದು ಹಿಂದುಳಿದಿಲ್ಲ.

ಮರುದಿನ ನನಗೆ ಬೇರೆ ಕೆಲಸ ಇತ್ತು. ಕಚೇರಿಗಳಲ್ಲಿ ಕನ್ನಡದ ಅರ್ಜಿ ನಮೂನೆ ಕೊಡಿ ಎಂದು ನಾವು ಕೆಲವು ನಿವೃತ್ತರು ಒಂದು ಮನವಿ ತಯಾರಿಸಿದ್ದೆವು. ಕೊಡದಿದ್ದರೆ ರ‍್ಯಾಲಿ ಮಾಡುತ್ತೇವೆ ಎಂದು ಕೊನೆಯಲ್ಲಿ ಗಟ್ಟಿಯಾಗಿ ಬರೆದಿದ್ದೆವು. ಸುಬ್ಬುವಿನ ಲ್ಯಾಪ್‌ಟಾಪಿನಲ್ಲಿ ಅಕ್ಷರ ಮುತ್ತಿನ ಹಾಗಿತ್ತು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ನಾನು ಮೊದಲು ಕಲಿಸುತ್ತಿದ್ದ ಶಾಲೆಗೆ ಹೋದೆ. ಪ್ರಿಂಟ್ ಬಂತು. ‘ಯಾ’ದ ಪಕ್ಕದಲ್ಲಿ ಅರ್ಕ ಒತ್ತು ನೇತಾಡುತ್ತಿತ್ತು.

ಲ್ಯಾಬ್ ನೋಡಿಕೊಳ್ಳುವ ಟೀಚರ್ ಬಗ್ಗಿ ನೋಡಿದರು.

“ಅದು ನಮ್ಮ ಕೈಯಲ್ಲಿಲ್ಲ ಮಾಸ್ಟ್ರೇ. ಮೇಲಿಂದ ಅಪ್‌ಡೇಟ್ ಬರಬೇಕು.”

ಬಿಳಿ ಇಂಕಿನ ಬಾಟಲಿ ಇದೆಯಾ ಎಂದು ಕೇಳಿದೆ. ಇತ್ತು. ಹನ್ನೆರಡು ಪ್ರತಿಯಲ್ಲೂ ಅಳಿಸಿ, ಒಣಗುವವರೆಗೆ ಊದಿ, ಪೆನ್ನಿನಲ್ಲಿ ತಿದ್ದಿದೆ.