ಮೊದಲು ಮಾಳಿಗೆಗೆ ಸುಣ್ಣ, ಆಮೇಲೆ ಎಸಿ

ಕಲಬುರಗಿಯಲ್ಲಿ ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ, ಈ ವರ್ಷವಾದರೂ ಎಸಿ ಹಾಕಿಸೋಣವೇ ಎಂಬುದು. ಹಾಕಿಸಬಾರದೆಂದು ನಾನು ಹೇಳುವುದಿಲ್ಲ. ಬಿಸಿಲು 43 ಡಿಗ್ರಿ ಮುಟ್ಟುವ ಊರಿನಲ್ಲಿ, ವಯಸ್ಸಾದವರಿರುವ ಮನೆಗೆ ಅದು ಶೋಕಿಯ ವಸ್ತುವಲ್ಲ. ಆದರೆ ಕಾದ ಮಾಳಿಗೆಯನ್ನು ಹಾಗೆಯೇ ಬಿಟ್ಟು ಎಸಿ ಕೊಳ್ಳುವುದು ತೂತು ಕೊಡದಲ್ಲಿ ನೀರು ಹೊತ್ತಂತೆ.

ನಮ್ಮೂರು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ 10ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆ ಬಿಸಿಲನ್ನೆಲ್ಲ ಹೊರುವ ಐದಾರು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಶಾಖ ಕುಡಿದು, ನಾವು ಹಾಸಿಗೆ ಬಿಡಿಸುವ ಹೊತ್ತಿಗೆ ಸರಿಯಾಗಿ ಅದನ್ನು ಕೆಳಗೆ ಕಾರತೊಡಗುತ್ತದೆ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ (ಫ್ಯಾನ್ ಆರಿಸಿಯೇ ಹತ್ತಿ) ಛಾವಣಿಗೆ ಅಂಗೈ ಒತ್ತಿ ನೋಡಿದರೆ ಅದು ಜ್ವರ ಬಂದ ಮಗುವಿನ ಹಣೆಯಂತಿರುತ್ತದೆ. ಅಜ್ಜನ ಮಣ್ಣಿನ ಮಾಳಿಗೆಗೆ ಈ ಕಾಯಿಲೆಯಿರಲಿಲ್ಲ, ನಿಜ; ಆದರೆ ಅದು ಮಳೆಗಾಲದಲ್ಲಿ ಸೋರುತ್ತಿತ್ತು, ಚೇಳುಗಳೂ ಬೀಳುತ್ತಿದ್ದವು. ಅಲ್ಲಿಗೆ ಮರಳಲು ನಾನಂತೂ ಸಿದ್ಧನಿಲ್ಲ.

ಹಾಗಾಗಿ ಪ್ರತಿ ವರ್ಷ ಮಾರ್ಚ್‌ನಲ್ಲಿ ಸುಣ್ಣಕ್ಕೆ ಒಂದಿಷ್ಟು ಅಂಟು ಬೆರೆಸಿ ಮಾಳಿಗೆಗೆ ಎರಡು ಸಲ ಬಳಿಸುತ್ತೇನೆ. ಮಳೆಗೆ ಅದು ತೊಳೆದು ಹೋಗುತ್ತದೆ, ಹೋಗಲಿ. ಕಪ್ಪಾದ ಸಿಮೆಂಟಿನ ಮೇಲೆ ಮಧ್ಯಾಹ್ನ ಬರಿಗಾಲಿಡಲಾಗದೆ ಸಂಡಿಗೆ ಮಗುಚಲು ಸಂಜೆಯವರೆಗೆ ಕಾಯುತ್ತಿದ್ದ ಅಮ್ಮ, ಈಗ ಮೂರು ಗಂಟೆಗೇ ಬರಿಗಾಲಲ್ಲಿ ಹೋಗಿ ಮಗುಚಿ ಬರುತ್ತಾರೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗಳಿಗಾಗಿಯೇ ಒಂದು ನೀತಿಯನ್ನು ಜಾರಿಗೆ ತಂದಿದೆ. ಆದರೆ ಒಂದು ಬಕೆಟ್ ಸುಣ್ಣ ಕಲಸಲು ಸರ್ಕಾರದ ದಾರಿ ಕಾಯಬೇಕಿಲ್ಲ.

ಕೂಲರ್ ವಿಷಯದಲ್ಲಿ ನಾನೂ ಮೂರ್ಖನಾದವನೇ. ತಂಪು ಹೊರಗೆ ಹೋಗದಿರಲೆಂದು ಬಾಗಿಲು, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಅದನ್ನು ಕೋಣೆಯೊಳಗಿಟ್ಟು ಓಡಿಸಿದ್ದರಿಂದ, ಬೆಳಗಾಗುವಷ್ಟರಲ್ಲಿ ಹೊದಿಕೆಯೆಲ್ಲ ಜಿಗುಟಾಗಿತ್ತು. ನೀರು ಆವಿಯಾದಾಗಲೇ ಗಾಳಿ ತಣಿಯುವುದರಿಂದ ಕೂಲರಿಗೆ ಹೊರಗಿನ ಒಣ ಗಾಳಿ ಬೇಕು, ತೇವ ಹೊರಹೋಗಲು ಎದುರಿನ ಕಿಟಕಿ ತೆರೆದಿರಬೇಕು. ಮಂಗಳೂರಿನಲ್ಲಿರುವ ತಂಗಿ ನಮ್ಮನ್ನು ನೋಡಿ ಕೂಲರ್ ಕೊಂಡು ಕೈಸುಟ್ಟುಕೊಂಡಳು. ಅಲ್ಲಿನ ಗಾಳಿ ಮೊದಲೇ ತೊಯ್ದಿರುತ್ತದೆ.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿಯೇ ಮೇಲು, ಏಕೆಂದರೆ ಗಾಜು ದಾಟಿ ಬಂದ ಬಿಸಿಲು ಆಗಲೇ ಮನೆಯೊಳಗಿನದಾಗಿರುತ್ತದೆ. ಬೆಳಿಗ್ಗೆ ಎಂಟೂವರೆಗೆ ಮುಚ್ಚಿದ ಕಿಟಕಿಗಳನ್ನು ಹೊರಗಿನ ಗಾಳಿ ತಣಿದ ಮೇಲಷ್ಟೇ ತೆರೆಯುತ್ತೇವೆ.

ಇಷ್ಟೆಲ್ಲ ಮಾಡಿದ ಮೇಲೆ ಎರಡು ವರ್ಷದ ಹಿಂದೆ ಅಪ್ಪನ ಕೋಣೆಗೆ ಎಸಿ ಬಂತು. 2020ರಿಂದ ಕೋಣೆಯ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರುತ್ತವೆ, ಅದರ ಮೇಲೆ ಏರಿಸುವ ಒಂದೊಂದು ಡಿಗ್ರಿಗೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. ನಾವು 27ಕ್ಕಿಟ್ಟು ಜೊತೆಗೆ ಫ್ಯಾನನ್ನು ನಿಧಾನಕ್ಕೆ ತಿರುಗಿಸುತ್ತೇವೆ. ಕಳೆದ ಮೇ ತಿಂಗಳಲ್ಲಿ ಹೆಚ್ಚಿನ ರಾತ್ರಿಗಳಲ್ಲಿ ಒಂದು ಗಂಟೆಯ ಸುಮಾರಿಗೆ ಅಪ್ಪನೇ ಎದ್ದು, ಚಳಿಯಾಗುತ್ತದೆಂದು ಅದನ್ನು ಆರಿಸಿ ಕಿಟಕಿ ತೆರೆಯುತ್ತಿದ್ದರು.