ಪಾಠದ ಪಟ್ಟಿಗೆ ಮೊದಲು ಬರೆಯಬೇಕಾದ ವಾಕ್ಯ

ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಈಗ ಜರ್ಮನಿಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯವೊಂದರಲ್ಲಿ ಸರ್ವೇಯಿಂಗ್ (ಭೂಮಾಪನ) ಕಲಿಸುತ್ತಿರುವ ನನಗೆ ಎರಡೂ ಕಡೆಯ ಕೋರ್ಸ್ ಫೈಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಆಗಾಗ ಸಿಗುತ್ತದೆ. ರಜೆಗೆ ಊರಿಗೆ ಬಂದಾಗ ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪಾಠ ಹೇಳುವ ಗೆಳೆಯರು ತಮ್ಮ ಫೈಲು ತೋರಿಸುತ್ತಾರೆ, ನಾನು ನನ್ನದನ್ನು ತೋರಿಸುತ್ತೇನೆ. ಕಾಗದದ ಮೇಲೆ ಎರಡರಲ್ಲೂ ಕಲಿಕಾ ಉದ್ದೇಶಗಳಿವೆ, ಅಂದರೆ ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು ಎಂಬ ವಾಕ್ಯಗಳಿವೆ. ಆದರೆ ಅವು ಹುಟ್ಟುವ ಕ್ರಮ ಬೇರೆ, ಮತ್ತು ಆ ವ್ಯತ್ಯಾಸದಿಂದ ನಷ್ಟವಾಗುತ್ತಿರುವುದು ನಮ್ಮ ವಿದ್ಯಾರ್ಥಿಗಳಿಗೆ ಎಂಬುದು ನನ್ನ ದೃಢವಾದ ಅನಿಸಿಕೆ.

ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ರಾಷ್ಟ್ರವಾಯಿತು. ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಬಿಎಗೆ ಈಗ ಫಲಾಧಾರಿತ ಶಿಕ್ಷಣವೇ, ಅಂದರೆ ವಿದ್ಯಾರ್ಥಿ ಕೊನೆಗೆ ಏನು ಮಾಡಬಲ್ಲ ಎಂಬುದೇ ತಳಹದಿ. ಹಾಗಾಗಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ಕೋರ್ಸಿಗೂ ಸಿಒ (ಕೋರ್ಸ್ ಔಟ್‌ಕಮ್) ಎಂದು ಕರೆಯುವ ಕಲಿಕಾ ಫಲಗಳ ಪಟ್ಟಿಯಿರುತ್ತದೆ, ಅದರ ಪಕ್ಕದಲ್ಲಿ ಆ ಫಲ ಇಡೀ ಪದವಿಯ ಗುರಿಗಳಿಗೆ ಎಷ್ಟು ಹೊಂದುತ್ತದೆ ಎಂದು 1, 2, 3ರ ಅಂಕಿ ತುಂಬಿದ ಕೋಷ್ಟಕವಿರುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಯ ಎದುರಿಗೆ ಅದು ಯಾವ ಸಿಒಗೆ, ಕಲಿಕೆಯ ಯಾವ ಹಂತಕ್ಕೆ ಸೇರಿದ್ದು ಎಂಬ ಗುರುತೂ ಇರುತ್ತದೆ. ವ್ಯವಸ್ಥೆಯಲ್ಲಿ ಕೊರತೆಯಿಲ್ಲ. ಆದರೆ ನಾನು ನೋಡಿದ ಹೆಚ್ಚಿನ ಫೈಲುಗಳಲ್ಲಿ ಮೊದಲು ಬಂದದ್ದು ಸಿಲಬಸ್; ಮಾನ್ಯತಾ ತಂಡ ಬರುವ ಸುದ್ದಿ ತಿಳಿದ ಮೇಲೆ ಒಂದೊಂದು ಮಾಡ್ಯೂಲಿನ ತಲೆಬರಹ ನೋಡಿ ಒಂದೊಂದು ವಾಕ್ಯ ಸೇರಿಸಲಾಗಿದೆ. ‘ಲೆವೆಲಿಂಗ್’ (ನೆಲದ ಮಟ್ಟ ಅಳೆಯುವುದು) ಎಂಬ ತಲೆಬರಹದಿಂದ ‘ವಿದ್ಯಾರ್ಥಿಯು ಲೆವೆಲಿಂಗ್ ತತ್ತ್ವಗಳನ್ನು ಅರಿತುಕೊಳ್ಳುತ್ತಾನೆ’ ಎಂಬ ವಾಕ್ಯ ಹುಟ್ಟುತ್ತದೆ. ಅರಿತುಕೊಂಡನೋ ಇಲ್ಲವೋ ಎಂದು ನೋಡುವುದು ಹೇಗೆ ಎಂದು ಕೇಳಿದರೆ ಆ ವಾಕ್ಯದಲ್ಲಿ ಉತ್ತರವಿಲ್ಲ.

ಅದೇ ಪಾಠಕ್ಕೆ ನನ್ನ ಫೈಲಿನಲ್ಲಿರುವ ಉದ್ದೇಶ ಸುಮಾರಾಗಿ ಹೀಗಿದೆ: ಆಟೋ ಲೆವೆಲ್ (ಮಟ್ಟ ನೋಡುವ ದೂರದರ್ಶಕ) ಮತ್ತು ಸ್ಟಾಫ್ (ಅಳತೆಯ ಕೋಲು) ಕೊಟ್ಟರೆ ವಿದ್ಯಾರ್ಥಿಗಳ ತಂಡ ಒಂದು ಕಿಲೋಮೀಟರ್ ಸುತ್ತು ಲೆವೆಲಿಂಗ್ ಮಾಡಿ, ಹೊರಟ ಬೆಂಚ್‌ಮಾರ್ಕಿಗೆ (ಮಟ್ಟ ಗೊತ್ತಿರುವ ಗುರುತಿಗೆ) ಮರಳಿದಾಗ ವ್ಯತ್ಯಾಸ 24 ಮಿಲಿಮೀಟರ್ ಮೀರದಂತೆ ಕೆಲಸ ಮುಗಿಸಬೇಕು, ಮತ್ತು ತಂಡದ ಪ್ರತಿಯೊಬ್ಬರೂ ಫೀಲ್ಡ್ ಬುಕ್ಕನ್ನು, ಅಂದರೆ ಬಯಲಿನಲ್ಲಿ ಅಳತೆ ಬರೆದ ಪುಸ್ತಕವನ್ನು, ಸ್ವತಂತ್ರವಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ಈ 24 ನಾನು ಕಟ್ಟಿದ ಅಂಕಿಯಲ್ಲ. ಸಾಧಾರಣ ಲೆವೆಲಿಂಗಿಗೆ ಕಿಲೋಮೀಟರಿನಲ್ಲಿ ಅಳೆದ ದೂರದ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್ ವ್ಯತ್ಯಾಸವನ್ನು ನಾವು ಮಂಡ್ಯದಲ್ಲಿ ಓದಿದ ಪಠ್ಯಪುಸ್ತಕವೇ ಒಪ್ಪುತ್ತಿತ್ತು. ವಾಕ್ಯ ಹೀಗೆ ಖಚಿತವಾದ ಕೂಡಲೇ ಪಾಠದ ರೂಪವೇ ಬದಲಾಗುತ್ತದೆ. ಬ್ಯಾಕ್‌ಸೈಟುಗಳ (ಹಿಂದಿನ ಬಿಂದುವಿನ ಸ್ಟಾಫ್ ಓದುಗಳ) ಮೊತ್ತದಲ್ಲಿ ಫೋರ್‌ಸೈಟುಗಳ (ಮುಂದಿನ ಬಿಂದುವಿನ ಓದುಗಳ) ಮೊತ್ತ ಕಳೆದರೆ ಕೊನೆಯ ಮತ್ತು ಮೊದಲ ಮಟ್ಟಗಳ ವ್ಯತ್ಯಾಸ ಬರಬೇಕು ಎಂಬ ತಾಳೆಯನ್ನು ನಮ್ಮ ಹುಡುಗರು ತರಗತಿಯಲ್ಲಿ ಚೆನ್ನಾಗಿ ಕಲಿಯುತ್ತಾರೆ. ಆದರೆ ಆ ತಾಳೆ ಹಿಡಿಯುವುದು ಕೂಡಿ ಕಳೆಯುವಾಗ ಆದ ತಪ್ಪನ್ನು ಮಾತ್ರ. ಸ್ಟಾಫನ್ನು ತಪ್ಪಾಗಿ ಓದಿದ್ದರೆ, ಅಥವಾ ಹಿಡಿದವನು ಅದನ್ನು ಸ್ವಲ್ಪ ಓರೆಯಾಗಿ ಹಿಡಿದಿದ್ದರೆ ಕೋಷ್ಟಕ ಸರಿಯಾಗಿಯೇ ತಾಳೆಯಾಗುತ್ತದೆ, ಮಟ್ಟ ಮಾತ್ರ ಸುಳ್ಳಾಗಿರುತ್ತದೆ; ಹೊರಟಲ್ಲಿಗೆ ಮರಳಿ ಮಟ್ಟ ಹೋಲಿಸಿದಾಗಲೇ ಅಂಥ ತಪ್ಪಿನ ಸುಳಿವು ಸಿಗುವುದು. ಕೋಷ್ಟಕದ ಲೆಕ್ಕವನ್ನಷ್ಟೇ ಕೇಳುವ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದವನು ಬಯಲಿನಲ್ಲಿ ಈ ತಪ್ಪನ್ನು ಕಾಣಲಾರ, ಏಕೆಂದರೆ ಅದನ್ನು ಕಾಣಬೇಕೆಂದು ಯಾರೂ ಅವನಿಗೆ ಹೇಳಿರುವುದಿಲ್ಲ.

ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ಮಂಡ್ಯದವರಿಗೆ ಈ ಮಾತನ್ನು ವಿವರಿಸುವುದು ಕಷ್ಟವಲ್ಲ. ನಾಲೆಯ ಮಟ್ಟವನ್ನು ಗೊತ್ತುಪಡಿಸುವಾಗ ಎಂಜಿನಿಯರು ನೀರು ಹಾಯಬೇಕಾದ ಎತ್ತರದ ಗದ್ದೆ ಯಾವುದೆಂದು ನೋಡಿ, ಅಲ್ಲಿಂದ ತೂಬಿಗೆ, ತೂಬಿನಿಂದ ಉಪನಾಲೆಗೆ, ಉಪನಾಲೆಯಿಂದ ಮೇಲಿನ ನಾಲೆಗೆ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗುತ್ತಾನೆ. ಕೋರ್ಸನ್ನೂ ಹೀಗೆ ಕೊನೆಯಿಂದ ಹಿಂದಕ್ಕೆ ಕಟ್ಟಬೇಕು: ಮೊದಲು ಉದ್ದೇಶ, ಆಮೇಲೆ ಅದು ಈಡೇರಿತೆಂದು ತೋರಿಸುವ ಪರೀಕ್ಷೆ, ಕೊನೆಗೆ ಪಾಠ.

ಇದು ಪರದೇಶದಿಂದ ನಿನ್ನೆ ಮೊನ್ನೆ ಬಂದ ವಿಚಾರವೂ ಅಲ್ಲ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಕಲಿಕೆಯ ಉದ್ದೇಶಗಳನ್ನು ಹಂತಗಳಾಗಿ ವಿಂಗಡಿಸುವ ತಮ್ಮ ವರ್ಗೀಕರಣವನ್ನು ಪ್ರಕಟಿಸಿದ್ದು 1956ರಲ್ಲಿ. ಮರುವರ್ಷವೇ ಅವರು ಭಾರತಕ್ಕೆ ಬಂದು ಮೌಲ್ಯಮಾಪನದ ಕಾರ್ಯಾಗಾರಗಳನ್ನು ನಡೆಸಿದ್ದರು. ಏನು ಮಾಡಬೇಕು, ಯಾವ ಪರಿಸ್ಥಿತಿಯಲ್ಲಿ ಮಾಡಬೇಕು, ಎಷ್ಟು ಚೆನ್ನಾಗಿ ಮಾಡಬೇಕು ಎಂಬ ಮೂರೂ ಉದ್ದೇಶದಲ್ಲಿರಬೇಕು ಎಂದು ಅಮೆರಿಕದ ಇನ್ನೊಬ್ಬ ಶಿಕ್ಷಣತಜ್ಞ ರಾಬರ್ಟ್ ಮೇಗರ್ 1962ರಲ್ಲಿ ವಿವರಿಸಿದರು. ಮೈಸೂರಿನಲ್ಲಿ 1963ರಿಂದಲೂ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಬಿ.ಇಡ್. ಮಾಡಿದ ಯಾವ ಪ್ರೌಢಶಾಲಾ ಶಿಕ್ಷಕಿಯನ್ನು ಕೇಳಿದರೂ ಪಾಠಯೋಜನೆಯಲ್ಲಿ ಉದ್ದೇಶ ಮತ್ತು ನಿರ್ದಿಷ್ಟೀಕರಣಗಳನ್ನು (ಉದ್ದೇಶ ಈಡೇರಿದ್ದನ್ನು ತೋರಿಸುವ ವರ್ತನೆಗಳನ್ನು) ಬರೆಯುವ ಬಗೆಯನ್ನು ಅವರು ಹೇಳಿಕೊಡಬಲ್ಲರು. ಕಾಲೇಜಿನ ಅಧ್ಯಾಪಕರಿಗೆ ಬಿ.ಇಡ್. ಬೇಕಿಲ್ಲ. ವಿಷಯದಲ್ಲಿ ಎಷ್ಟೇ ಪಾಂಡಿತ್ಯವಿದ್ದರೂ ಈ ಒಂದು ಕಸುಬನ್ನು ಕಲಿಯದೆಯೇ ಅವರು ತರಗತಿಗೆ ಕಾಲಿಡುತ್ತಾರೆ. ಜರ್ಮನಿಯ ಪ್ರಾಧ್ಯಾಪಕರಲ್ಲೂ ಹಲವರದು ಇದೇ ಸ್ಥಿತಿ.

ಹಾಗಾದರೆ ಅಲ್ಲಿ ಕೆಲಸ ನಡೆಯುವುದು ಹೇಗೆ? ಯೂರೋಪಿನ ದೇಶಗಳು ತಮ್ಮ ಪದವಿಗಳನ್ನು ಒಂದಕ್ಕೊಂದು ಹೊಂದಿಸಲು ಒಪ್ಪಿದ 1999ರ ಬೊಲೋನಾ ಘೋಷಣೆಯ ನಂತರ ಪ್ರತಿ ಕೋರ್ಸಿನ ಉದ್ದೇಶ, ಪರೀಕ್ಷೆಯ ರೀತಿ ಮತ್ತು ವಿದ್ಯಾರ್ಥಿ ಪಡಬೇಕಾದ ಶ್ರಮದ ಗಂಟೆಗಳು ಮಾಡ್ಯೂಲ್ ಕೈಪಿಡಿಯಲ್ಲಿ ಒಟ್ಟಿಗೆ ಅಚ್ಚಾಗುತ್ತವೆ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆಯ ಉಪನ್ಯಾಸಕ್ಕೆ ಒಂದು ಕ್ರೆಡಿಟ್ ಎಂಬ ರೂಢಿಯಿದ್ದರೆ, ಅಲ್ಲಿ ಒಂದು ಕ್ರೆಡಿಟ್ಟಿಗೆ ಸಾಮಾನ್ಯವಾಗಿ ವಿದ್ಯಾರ್ಥಿಯ 30 ಗಂಟೆಗಳ ದುಡಿಮೆ. ಐದು ಕ್ರೆಡಿಟ್ಟಿನ ಕೋರ್ಸಿಗೆ 150 ಗಂಟೆ. ಅದರಲ್ಲಿ 60 ತರಗತಿಯಲ್ಲಿ ಕಳೆದರೆ ಉಳಿದ 90 ಗಂಟೆಯಲ್ಲಿ ವಿದ್ಯಾರ್ಥಿ ತಾನಾಗಿ ಏನು ಮಾಡಬೇಕು ಎಂಬುದಕ್ಕೆ ಉತ್ತರ ಬೇಕಾಗುತ್ತದೆ, ಮತ್ತು ಉದ್ದೇಶ ಮಸುಕಾಗಿದ್ದರೆ ಆ ಉತ್ತರ ಸಿಗುವುದಿಲ್ಲ. ಅಲ್ಲಿಯೂ ಹಳೆಯ ಕೈಪಿಡಿಯ ವಾಕ್ಯಗಳನ್ನು ಹಾಗೆಯೇ ಎತ್ತಿ ಹಾಕುವವರಿದ್ದಾರೆ. ಆದರೆ ಸಾಮಾನ್ಯವಾಗಿ ಕಲಿಸುವವನೇ ಪ್ರಶ್ನೆ ತೆಗೆದು ಅಂಕ ಕೊಡುವುದರಿಂದ ಬರವಣಿಗೆಯ ಕೊರತೆಯನ್ನು ಅವನ ಮನಸ್ಸಿನಲ್ಲಿರುವ ಸ್ಪಷ್ಟತೆ ತುಂಬಿಕೊಡುತ್ತದೆ.

ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ನಮ್ಮ ಕಾಲೇಜುಗಳಲ್ಲಿ ಈ ಅನುಕೂಲವಿಲ್ಲ. ಸಿಲಬಸ್ಸನ್ನು ಒಂದು ಮಂಡಳಿ ಮಾಡುತ್ತದೆ, ಪಾಠವನ್ನು ಒಬ್ಬರು ಹೇಳುತ್ತಾರೆ, ಪ್ರಶ್ನೆಪತ್ರಿಕೆಯನ್ನು ಮತ್ತೊಬ್ಬರು ತೆಗೆಯುತ್ತಾರೆ, ಉತ್ತರಪತ್ರಿಕೆಯನ್ನು ಇನ್ಯಾರೋ ತಿದ್ದುತ್ತಾರೆ. ಗೆಳೆಯರು ಇದನ್ನೇ ಕಾರಣವಾಗಿ ಹೇಳುತ್ತಾರೆ: ‘ಎಲ್ಲವೂ ವಿಶ್ವವಿದ್ಯಾಲಯದ ಕೈಯಲ್ಲಿರುವಾಗ ನಾವು ಉದ್ದೇಶ ಬರೆದು ಆಗುವುದೇನು ಸಾರ್?’ ಅವರ ಅಸಹಾಯಕತೆ ನನಗೆ ಅರ್ಥವಾಗುತ್ತದೆ, ಆದರೂ ಇದೇ ಕಾರಣಕ್ಕೆ ಸ್ಪಷ್ಟ ಉದ್ದೇಶ ಜರ್ಮನಿಗಿಂತ ಮಂಡ್ಯಕ್ಕೆ ಹೆಚ್ಚು ಅಗತ್ಯ ಎನ್ನುತ್ತೇನೆ. ಒಬ್ಬರ ಮುಖ ಒಬ್ಬರು ನೋಡದ ಈ ನಾಲ್ವರ ನಡುವೆ ಒಪ್ಪಂದದಂತೆ ನಿಲ್ಲಬಲ್ಲದ್ದು ಆ ವಾಕ್ಯವೊಂದೇ. ಅದು ಸಡಿಲವಾಗಿದ್ದರೆ ನಾಲ್ವರೂ ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ, ವಿದ್ಯಾರ್ಥಿಯು ಹಳೆಯ ಪ್ರಶ್ನೆಪತ್ರಿಕೆಗಳನ್ನೇ ನಿಜವಾದ ಸಿಲಬಸ್ಸೆಂದು ನಂಬುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ.

ಎಲ್ಲ ಕಲಿಕೆಯನ್ನೂ ಅಳತೆಯ ವಾಕ್ಯದಲ್ಲಿ ಹಿಡಿಯಲಾಗದು ಎಂಬ ಆಕ್ಷೇಪವನ್ನು ಕಲಾಶಿಕ್ಷಣದ ಚಿಂತಕ ಎಲಿಯಟ್ ಐಸ್ನರ್ 1967ರಲ್ಲೇ ಎತ್ತಿದ್ದರು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕಾವ್ಯ ಕಲಿಸುವವರಿಗೆ ಆ ಮಾತು ಸಲ್ಲುತ್ತದೆ, ಒಪ್ಪುತ್ತೇನೆ. ಆದರೆ ಸೇತುವೆ, ನಾಲೆ, ಕಟ್ಟಡಗಳನ್ನು ಜನರ ಕೈಗೆ ಒಪ್ಪಿಸಬೇಕಾದವರ ಕಲಿಕೆಗೆ ಅದನ್ನು ನೆಪ ಮಾಡಿಕೊಳ್ಳಬಾರದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ 100ಕ್ಕೆ 50 ಅಂಕ ಆಂತರಿಕ ಮೌಲ್ಯಮಾಪನದ್ದು. ಅಷ್ಟರ ಮಟ್ಟಿಗೆ ಅಧಿಕಾರ ಪಾಠ ಹೇಳುವವರ ಕೈಯಲ್ಲೇ ಇದೆ. ಸೆಮಿಸ್ಟರ್ ಶುರುವಾಗುವ ಮೊದಲೇ ಉದ್ದೇಶಗಳನ್ನು ಬರೆದು, ಅವುಗಳಿಂದಲೇ ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ಪ್ರಶ್ನೆಗಳನ್ನೂ ಬಯಲಿನ ಕೆಲಸವನ್ನೂ ತಯಾರಿಸಿ, ಮೊದಲ ತರಗತಿಯಲ್ಲೇ ಆ ಒಂದು ಹಾಳೆಯನ್ನು ಪ್ರತಿ ವಿದ್ಯಾರ್ಥಿಯ ಕೈಗೆ ಕೊಡಲು ಯಾವ ಸುತ್ತೋಲೆಗೂ ಕಾಯಬೇಕಿಲ್ಲ.