ಎಷ್ಟು ಡಿಫೆಕ್ಟ್ ಹಾಕ್ಲಿ ಸರ್?

ಕಂಪನಿಯ ಗುಣಮಟ್ಟದ ಆಡಿಟ್‌ಗೆ ಇನ್ನೆರಡೇ ದಿನ ಇತ್ತು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ, ಸಿಕ್ಕ ಡಿಫೆಕ್ಟ್ ಅಂದರೆ ತಪ್ಪುಗಳನ್ನು ಬರೆದಿಡುವ ಕೋಡ್ ರಿವ್ಯೂ ಫಾರ್ಮ್ ತೆರೆದಿತ್ತು. "ಸರ್, ಇದರಲ್ಲಿ ಎಷ್ಟು ಡಿಫೆಕ್ಟ್ ಹಾಕ್ಲಿ?" ಎಂದು ಕೇಳಿದ.

ಆ ಕೋಡ್ ಗ್ರಾಹಕರ ಕೈ ಸೇರಿ ತಿಂಗಳಾಗಿತ್ತು. ರಿವ್ಯೂ ನಡೆದೇ ಇರಲಿಲ್ಲ. ನಾನು ತಲೆ ಕೂಡ ಎತ್ತದೆ ಹೇಳಿದೆ: "ಮೂರೋ ನಾಲ್ಕೋ ಹಾಕು. ಸೊನ್ನೆ ಹಾಕಿದ್ರೆ ರಿವ್ಯೂನೇ ಮಾಡಿಲ್ಲ ಅಂತಾರೆ. ಹತ್ತು ಹಾಕಿದ್ರೆ ಕಾರಣ ಬರೆದುಕೊಡು ಅಂತಾರೆ."

ಅವನು ಮೂರು ಹಾಕಿದ. ಆಡಿಟ್ ಪಾಸಾಯ್ತು. ಸಿಕ್ಕಿದ್ದು ಒಂದೇ ಒಂದು ಮೈನರ್ ಎನ್‌ಸಿ (ನಿಯಮ ಪಾಲಿಸಿಲ್ಲ ಅನ್ನೋ ಆಕ್ಷೇಪ), ಅದೂ ಯಾವುದೋ ಟೆಂಪ್ಲೇಟ್‌ನ ವರ್ಷನ್ ನಂಬರ್ ಹಳೆಯದು ಅಂತ. ರಿಸೆಪ್ಷನ್ ಗೋಡೆ ಮೇಲೆ ಹೊಸ ಫ್ರೇಮ್ ಬಂತು.

ಈ ಕಥೆ ಹೇಳಿದಾಗಲೆಲ್ಲ ಸಾಫ್ಟ್‌ವೇರ್‌ನವರು ಜೋರಾಗಿ ನಗುತ್ತಾರೆ. ಅವರ ಹತ್ತಿರವೂ ಇಂಥದ್ದೊಂದು ಇರುತ್ತಲ್ಲ! ನಕ್ಕು ಮುಗಿದ ಮೇಲೆ, ಕಂಪನಿಗಳ ಕೆಲಸದ ಪದ್ಧತಿ ಅಳೆಯುವ ಸ್ಟ್ಯಾಂಡರ್ಡ್‌ಗಳ ಬಗ್ಗೆ "ಸಿಎಂಎಂಐ, ಐಎಸ್‌ಒ ಎಲ್ಲ ಬರೀ ನಾಟಕ ಕಣ್ರೀ" ಅಂತಾರೆ. ನನ್ನ ತಕರಾರು ಅಲ್ಲೇ. ನಾಟಕ ಆಡಿದ್ದು ನಾವು. ಸ್ಟ್ಯಾಂಡರ್ಡ್ ಬರೆದವರು ಸುಳ್ಳು ಬರೆಯಿರಿ ಅಂತ ಎಲ್ಲೂ ಹೇಳಿರಲಿಲ್ಲ.

ಸಿಎಂಎಂಐ ಶುರುವಾಗಿದ್ದು ನಿಜವಾದ ತಲೆನೋವಿನಿಂದಲೇ. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಗಿನವರಿಂದ ಸಾಫ್ಟ್‌ವೇರ್ ಮಾಡಿಸುತ್ತಿತ್ತು. ಹೇಳಿದ ದಿನಕ್ಕೆ ಬರುತ್ತಿರಲಿಲ್ಲ, ಹೇಳಿದ ಖರ್ಚಿನಲ್ಲಿ ಮುಗಿಯುತ್ತಿರಲಿಲ್ಲ. ಆ ಇಲಾಖೆಯ ದುಡ್ಡಿನಲ್ಲೇ 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಐಬಿಎಂನಲ್ಲಿ ಬಹಳ ವರ್ಷ ದುಡಿದ ವಾಟ್ಸ್ ಹಂಫ್ರಿ 1986ರಲ್ಲಿ ಅಲ್ಲಿಗೆ ಬಂದರು. ಕೆಲಸ ಯಾರಿಗೆ ಕೊಟ್ಟರೆ ನಂಬಬಹುದು ಅನ್ನೋ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬೆಳೆದಿದ್ದು ಸಿಎಂಎಂ, ಅಂದರೆ ಕೆಪಬಿಲಿಟಿ ಮೆಚ್ಯೂರಿಟಿ ಮಾಡೆಲ್. ಮೊದಲ ಆವೃತ್ತಿ 1991ರಲ್ಲಿ ಬಂತು. ಅದೇ ಮುಂದೆ ಸಿಎಂಎಂಐ ಆಯಿತು.

ಅದರಲ್ಲಿ ಐದು ಮೆಟ್ಟಿಲು, ಅಂದರೆ ಲೆವೆಲ್. ಮೊದಲನೆಯದರಲ್ಲಿ ಯಾರೋ ಒಬ್ಬ ಜಾಣ ರಾತ್ರಿಯೆಲ್ಲ ಕೂತು ಪ್ರಾಜೆಕ್ಟ್ ಉಳಿಸುತ್ತಾನೆ. ಅವನು ಕೆಲಸ ಬಿಟ್ಟರೆ ಕಥೆ ಮುಗಿಯಿತು. ಎರಡನೆಯದರಲ್ಲಿ ಪ್ರಾಜೆಕ್ಟ್‌ಗೊಂದು ಪ್ಲಾನ್ ಇರುತ್ತೆ, ಅದರಂತೆ ನಡೀತಿದೆಯಾ ಅಂತ ನೋಡುವವರು ಇರುತ್ತಾರೆ. ಮೂರನೆಯದರಲ್ಲಿ ಇಡೀ ಸಂಸ್ಥೆಗೆ ಒಂದು ಪದ್ಧತಿ. ನಾಲ್ಕರಲ್ಲಿ ಅಂಕಿಗಳ ಲೆಕ್ಕಾಚಾರ. ಐದರಲ್ಲಿ ಆ ಅಂಕಿಗಳನ್ನು ನೋಡಿ ಪದ್ಧತಿಯನ್ನೇ ತಿದ್ದುತ್ತಾ ಹೋಗೋದು.

ಈಗ ಯೋಚಿಸಿ. ನಮ್ಮ ಹುಡುಗ ಹಾಕಿದ ಆ "ಮೂರು" ಎಲ್ಲಿಗೆ ಹೋಯಿತು?

ಸಂಸ್ಥೆಯ ಡೇಟಾಬೇಸ್‌ಗೆ ಹೋಯಿತು. ಬೇರೆ ತಂಡಗಳ ಮೂರು, ನಾಲ್ಕುಗಳ ಜೊತೆ ಸೇರಿತು. ಅದರಿಂದ ಸರಾಸರಿ ತೆಗೆದರು. ಅಂಕಿಗಳು ಮಿತಿಯೊಳಗಿವೆಯಾ ಅಂತ ತೋರಿಸುವ ಕಂಟ್ರೋಲ್ ಚಾರ್ಟ್ ಬಂತು, ಮೇಲೊಂದು ಗೆರೆ, ಕೆಳಗೊಂದು ಗೆರೆ. ಎಲ್ಲ ಚುಕ್ಕಿಗಳೂ ಮಧ್ಯದಲ್ಲಿ ಸಾಲಾಗಿ ನಿಂತಿದ್ದವು. ಮೀಟಿಂಗ್‌ನಲ್ಲಿ ಅದನ್ನು ತೋರಿಸಿ "ನಮ್ಮ ಪ್ರೊಸೆಸ್ ಸ್ಟೇಬಲ್ ಆಗಿದೆ" ಅಂದರು. ಎಲ್ಲರೂ ಭಯಪಟ್ಟು ಒಂದೇ ನಂಬರ್ ಹಾಕಿದರೆ ಸ್ಟೇಬಲ್ ಆಗದೆ ಇನ್ನೇನಾಗುತ್ತೆ! ನಿಜವಾಗಿ ರಿವ್ಯೂ ಮಾಡುವ ತಂಡದ ಚುಕ್ಕಿಗಳು ಹೀಗೆ ಕವಾಯತು ಮಾಡಲ್ಲ. ಪ್ರೋಗ್ರಾಂನ ಒಂದು ಮಾಡ್ಯೂಲ್‌ನಲ್ಲಿ (ಭಾಗದಲ್ಲಿ) ಒಂದೇ ತಪ್ಪು ಸಿಗುತ್ತೆ, ಇನ್ನೊಂದರಲ್ಲಿ ಹದಿನಾಲ್ಕು.

ಮುಂದಿನ ಪ್ರಾಜೆಕ್ಟ್‌ನ ಎಸ್ಟಿಮೇಟ್‌ಗೂ ಅದೇ ಅಂಕಿ ಬಳಸಿದೆವು. ಬುನಾದಿಯಲ್ಲಿ ಇಟ್ಟಿಗೆ ಬದಲು ಇಟ್ಟಿಗೆಯ ಚಿತ್ರ ಅಂಟಿಸಿ ಮೇಲೆ ಎರಡು ಮಹಡಿ ಎಬ್ಬಿಸಿದಂತೆ.

ಹಾಗಾದರೆ ಐದನೇ ಮೆಟ್ಟಿಲು ಬರೀ ಕಾಗದದ ಮೇಲಿರೋದಾ? ಅಲ್ಲ. ಸ್ಪೇಸ್ ಷಟಲ್ ಒಳಗಿನ ಸಾಫ್ಟ್‌ವೇರ್ ಬರೆಯುತ್ತಿದ್ದ ಹ್ಯೂಸ್ಟನ್‌ನ ಐಬಿಎಂ ತಂಡಕ್ಕೆ 1989ರಲ್ಲೇ ಆ ಮಟ್ಟ ಸಿಕ್ಕಿತ್ತು. ಸುಮಾರು 4 ಲಕ್ಷ 20 ಸಾವಿರ ಸಾಲುಗಳ ಪ್ರೋಗ್ರಾಂ. ಒಂದು ಹಂತದಲ್ಲಿ ಸತತ ಮೂರು ಆವೃತ್ತಿಗಳಲ್ಲಿ ತಲಾ ಒಂದೇ ತಪ್ಪು ಸಿಕ್ಕಿತ್ತು. ಅವರ ಗುಟ್ಟು ಕೇಳಿದರೆ ಸಪ್ಪೆ ಅನ್ನಿಸುತ್ತೆ. ಪ್ರತಿ ತಪ್ಪನ್ನೂ ಬರೆದಿಡುತ್ತಿದ್ದರು. ಯಾವಾಗ ಒಳಗೆ ಬಂತು, ಯಾವಾಗ ಸಿಕ್ಕಿತು, ಮೊದಲೇ ಯಾಕೆ ಸಿಗಲಿಲ್ಲ? ತಪ್ಪನ್ನು ಸರಿಮಾಡಿ ಸುಮ್ಮನಾಗುತ್ತಿರಲಿಲ್ಲ. ಅದು ನುಸುಳಿ ಬಂದ ತೂತು ಮುಚ್ಚುತ್ತಿದ್ದರು. ಅಂಥದ್ದೇ ಇನ್ನೆಲ್ಲಾದರೂ ಇದೆಯಾ ಅಂತ ಉಳಿದ ಕೋಡ್ ಜಾಲಾಡುತ್ತಿದ್ದರು. ಅದಕ್ಕೆ ತಕ್ಕ ಹಣ, ಸಮಯ ಎರಡೂ ಅವರಿಗಿತ್ತು ಅನ್ನೋದೂ ನಿಜ. ನಾಲ್ಕು ಜನ ಮೂರು ವಾರದಲ್ಲಿ ಮುಗಿಸುವ ಸಣ್ಣ ಆ್ಯಪ್‌ಗೆ ಇಷ್ಟೆಲ್ಲ ಹೇರಿದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಫಾರ್ಮ್ ತುಂಬೋದೇ ದಂಡ ಅನ್ನುವವರಿಗೆ ನಾನು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿಸುತ್ತೇನೆ. 1999ರಲ್ಲಿ ಮಂಗಳನ ಹತ್ತಿರ ಹೋಗಿ ನಾಶವಾದ ನೌಕೆ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಂದುಕೊಂಡಿದ್ದರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ದಾರಿ ಲೆಕ್ಕ ಹಾಕುತ್ತಿದ್ದವರಿಗೆ ಏನೋ ಸರಿಯಿಲ್ಲ ಅನ್ನೋ ಅನುಮಾನ ಮೊದಲೇ ಬಂದಿತ್ತು. ಅದನ್ನು ಇಮೇಲ್‌ನಲ್ಲಿ ಹೇಳಿಕೊಂಡರೇ ಹೊರತು ಸಮಸ್ಯೆ ದಾಖಲಿಸುವ ಅಧಿಕೃತ ದಾರಿ ಹಿಡಿಯಲಿಲ್ಲ. ಅನುಮಾನ ಅಲ್ಲೇ ಕರಗಿಹೋಯಿತು.

ಇನ್ನು ಗೋಡೆ ಮೇಲಿನ ಫ್ರೇಮ್ ವಿಷಯ. ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಸ್ಟ್ಯಾಂಡರ್ಡ್ ಬರೆಯುತ್ತೆ ಅಷ್ಟೇ. ಕೊಡೋದು ಬೇರೆ ಏಜೆನ್ಸಿಗಳು. ಅವರ ಫೀಸ್ ಕಟ್ಟೋದು ಆಡಿಟ್ ಮಾಡಿಸಿಕೊಳ್ಳುವವರೇ! ಸಿಎಂಎಂಐ ಅಂತೂ ಸರ್ಟಿಫಿಕೇಟೇ ಅಲ್ಲ, ಅಪ್ರೈಸಲ್, ಅಂದರೆ ಮೌಲ್ಯಮಾಪನ. ಆಯ್ದ ಪ್ರಾಜೆಕ್ಟ್‌ಗಳನ್ನು ನೋಡಿ ಆ ವಿಭಾಗಕ್ಕೆ ಒಂದು ಮಟ್ಟ ಅಂತಾರೆ. ಮೂರು ವರ್ಷ ಚಾಲ್ತಿಯಲ್ಲಿರುತ್ತೆ. ಜಾಹೀರಾತಿನಲ್ಲಿ ಮಾತ್ರ ಇಡೀ ಕಂಪನಿಯೇ "ಲೆವೆಲ್ 5" ಆಗಿಬಿಡುತ್ತೆ. ಸಣ್ಣ ಅಕ್ಷರದಲ್ಲಿರುವ ಸ್ಕೋಪ್ (ಆ ಮಟ್ಟ ಯಾವ ವಿಭಾಗಕ್ಕೆ ಅನ್ನೋದು) ಓದುವ ಗ್ರಾಹಕರನ್ನು ನಾನು ಇಬ್ಬರನ್ನೋ ಮೂವರನ್ನೋ ನೋಡಿರಬಹುದು.

ಆ "ಮೂರು" ಆಮೇಲೇನಾಯ್ತು ಅಂತ ಹೇಳಲೇ ಇಲ್ಲ ಅಲ್ವಾ? ಆರು ತಿಂಗಳಾದ ಮೇಲೆ ಅದೇ ಮಾಡ್ಯೂಲ್ ಗ್ರಾಹಕರ ಕಡೆ ಬಿದ್ದುಹೋಯಿತು. ನೋಡಿದರೆ ಒಂದು ಷರತ್ತು ಉಲ್ಟಾ ಬರೆದಿತ್ತು. ಪಕ್ಕದಲ್ಲಿ ಇನ್ನೊಬ್ಬರು ಕೂತು ಓದಿದ್ದರೆ ಐದು ನಿಮಿಷದಲ್ಲಿ ಕಾಣುತ್ತಿತ್ತು. ಮೂಲ ಕಾರಣ ಹುಡುಕಲು ಮೀಟಿಂಗ್ ಕರೆದರು. "ರಿವ್ಯೂ ಆಗಿತ್ತಾ?" ಅಂತ ಯಾರೋ ಕೇಳಿದರು. ಆಗಿದೆ ಅನ್ನುತ್ತಿತ್ತು ದಾಖಲೆ, ಮೂರು ಡಿಫೆಕ್ಟ್ ಸಮೇತ. ನಾನು, ಆ ಹುಡುಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾರಣದ ಜಾಗದಲ್ಲಿ "ಮನುಷ್ಯ ಸಹಜ ತಪ್ಪು" ಅಂತ ಬರೆದು, ಪರಿಹಾರಕ್ಕೆ "ತರಬೇತಿ" ಅಂತ ಹಾಕಿ ಫೈಲ್ ಮುಚ್ಚಿದರು. ತರಬೇತಿಗೆ ಕಳಿಸಿದ್ದು ಅವನನ್ನು.

ಈಗ ನಾನೇ ಒಳಗಿನ ಆಡಿಟ್ ಮಾಡುತ್ತೇನೆ. ಮೊದಲು ನೋಡೋದು ಫೈಲ್‌ಗಳು ಹುಟ್ಟಿದ ತಾರೀಕು. ವರ್ಷದ ರಿವ್ಯೂಗಳೆಲ್ಲ ಒಂದೇ ವಾರದಲ್ಲಿ ಹುಟ್ಟಿದ್ದರೆ ಜಾಸ್ತಿ ಕೇಳಬೇಕಾಗಿಲ್ಲ. ಮೊನ್ನೆ ಒಂದು ತಂಡದ ದಾಖಲೆಯಲ್ಲಿ ಹೀಗಿತ್ತು: "ರಿವ್ಯೂ ಮಾಡಿಲ್ಲ. ಸಮಯ ಸಿಗಲಿಲ್ಲ. ಈ ಭಾಗದಲ್ಲಿ ಅಪಾಯ ಇದೆ." ಕೆಳಗೆ ತಂಡದ ಲೀಡ್ ಆದ ಹುಡುಗಿಯ ಹೆಸರು. ನಿಯಮದ ಪ್ರಕಾರ ಅದು ಎನ್‌ಸಿ, ಬರೆದೆ. ಅದೇ ರಿಪೋರ್ಟ್‌ನ "ಮೆಚ್ಚಬೇಕಾದ ಅಂಶಗಳು" ಜಾಗದಲ್ಲೂ ಅದನ್ನೇ ಬರೆದೆ. ಅವರ ಮ್ಯಾನೇಜರ್ ಬಂದು "ಸರ್, ಎರಡರಲ್ಲಿ ಒಂದನ್ನಾದ್ರೂ ತೆಗೀರಿ, ಓದುವವರಿಗೆ ಗೊಂದಲ ಆಗುತ್ತೆ" ಅಂದರು.

ಎರಡನ್ನೂ ಹಾಗೇ ಬಿಟ್ಟಿದ್ದೇನೆ.